ಸೀಬೆ ಕೊಂಬೆ ಬಾಗಿಸಲು ಕಲಿತ ಮೂರು ಬೇಸಿಗೆ

2022ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ ಜಲಾಶಯ, ತುಂಬಿ ಕೋಡಿ ಬಿತ್ತು. 1933ರಲ್ಲಿ ಬಿದ್ದಿದ್ದು ಬಿಟ್ಟರೆ ಅದೇ, 89 ವರ್ಷದ ಮೇಲೆ. ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ದಾರಿ ಜಾತ್ರೆ ದಾರಿಯಾಗಿಬಿಟ್ಟಿತ್ತು. ಟ್ರ್ಯಾಕ್ಟರಿನಲ್ಲಿ, ಆಟೋದಲ್ಲಿ, ಬೈಕಿನಲ್ಲಿ ಮೂರು ಮೂರು ಜನ. ದಾರಿಯುದ್ದಕ್ಕೂ ಮಂಡಕ್ಕಿ, ಮೆಣಸಿನಕಾಯಿ, ಕಡಲೆಕಾಯಿ ಮಾರುವವರು ಸಾಲುಗಟ್ಟಿ ಕೂತಿದ್ದರು. ನಮ್ಮ ಸೀಬೆ ತೋಟ ಆ ರಸ್ತೆಗೆ ಒಂದು ಕೂಗಳತೆ ದೂರ. ಮುನ್ನೂರು ಗಿಡ, ಹಿಂದಿನ ಸಾಲಿನ ಇಪ್ಪತ್ತು ಬಿಟ್ಟು ಎಲ್ಲದರಲ್ಲೂ ಹಣ್ಣು. ಆದರೂ ನಾವು ಒಂದು ಬುಟ್ಟಿಯನ್ನೂ ರಸ್ತೆಗೆ ಒಯ್ಯಲಿಲ್ಲ.

ಒಯ್ಯುವಂಥ ಹಣ್ಣಾಗಿರಲಿಲ್ಲ ಅದು. ಮಳೆಗಾಲದ ಸೀಬೆಯನ್ನು ಬೆಳೆದವರಿಗೆ ಇದು ಗೊತ್ತು. ನೋಡಲು ದಪ್ಪಗೆ, ಹಳದಿಯಾಗಿ ಕಾಣುತ್ತದೆ. ಕಚ್ಚಿದರೆ ನೀರು ನೀರು. ಹೋಳು ಮಾಡಿದರೆ ಬಿಳಿ ಹುಳ ಮಿಸುಕುತ್ತಿರುತ್ತದೆ. ಕಾಯಿ ಬಲಿಯುವ ಹೊತ್ತಿಗೇ ಹಣ್ಣಿನ ನೊಣ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಟ್ಟು ಹೋಗಿರುತ್ತದೆ. ನೊಣವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟಿದ್ದೆವು. ಅದರಲ್ಲಿ ಗಂಡು ನೊಣ ರಾಶಿ ಬೀಳುತ್ತಿತ್ತು, ಆದರೂ ಹತ್ತು ಹಣ್ಣಿನಲ್ಲಿ ನಾಲ್ಕೈದು ಹಾಳಾಗುವುದು ತಪ್ಪುತ್ತಿರಲಿಲ್ಲ. ದುಡ್ಡು ಕೊಟ್ಟು ತಗೊಂಡ ಮಗು ಕಚ್ಚಿ ಉಗುಳುವ ಹಣ್ಣನ್ನು ಮಾರಲು ನನಗೆ ಮನಸ್ಸು ಬರಲಿಲ್ಲ.

ಅದೇ ಗಿಡ ಡಿಸೆಂಬರಿನಲ್ಲಿ ಕೊಡುವ ಹಣ್ಣೇ ಬೇರೆ. ಗಾತ್ರ ಒಂದು ಸುತ್ತು ಚಿಕ್ಕದು, ತಿರುಳು ಗಟ್ಟಿ, ಚಳಿಗೆ ಸಿಹಿ ಹೆಪ್ಪುಗಟ್ಟಿದ ಹಾಗೆ. ನೊಣದ ಕಾಟವೂ ಆಗ ಇಳಿದಿರುತ್ತದೆ. ಕಷ್ಟ ಏನೆಂದರೆ, ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಫೆಬ್ರವರಿ–ಮಾರ್ಚಿನಲ್ಲಿ ಮೈತುಂಬ ಹೂ ಬಿಟ್ಟು, ಮಳೆಗಾಲದಲ್ಲಿ ಶಕ್ತಿಯನ್ನೆಲ್ಲ ಹುಳದ ಹಣ್ಣಿಗೆ ಸುರಿದು, ಚಳಿಗಾಲಕ್ಕೆ ಅಲ್ಲೊಂದು ಇಲ್ಲೊಂದು ಕಾಯಿ ಹಿಡಿಯುತ್ತದೆ. ಹೂವನ್ನು ಜೂನ್–ಜುಲೈಗೆ ತಳ್ಳಬೇಕು. ಅದಕ್ಕೆ ಕೆಲವರು ನೀರು ನಿಲ್ಲಿಸುತ್ತಾರೆ, ಕೆಲವರು ಕೊಂಬೆ ಸವರುತ್ತಾರೆ. ಮೂರನೆಯ ದಾರಿ ಕೊಂಬೆ ಬಾಗಿಸಿ ಕಟ್ಟುವುದು. ಪಶ್ಚಿಮ ಬಂಗಾಳದ ಬಾರುಯಿಪುರದ ಸೀಬೆ ಬೆಳೆಗಾರರು ಹೀಗೆ ಮಾಡುತ್ತಾರೆ ಎಂದು ಗೊತ್ತಾದಾಗಿನಿಂದ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ, ಕೋಡಿ ಬೀಳುವ ಮೊದಲೇ, ಮಾವನವರಿಗೆ ಹೇಳಿದೆ. ಅವರು ಬೀಡಿ ಆರಿಸಿ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನವ್ವ? ನಾಲ್ಕು ವರ್ಷದ ಗಿಡಗಳು ಅವು. ಮುರೀತಾವೆ" ಅಂದರು. ಬೇಡ ಅನ್ನಲಿಲ್ಲ. "ಹಿಂದಿನ ಸಾಲಿನಾಗೆ ಇಪ್ಪತ್ತು ಗಿಡ ತಗೋ. ಅವು ಹೋದ್ರೆ ಹೋದ್ವು" ಅಂದರು.

ಆ ಗಾದೆ ನನ್ನನ್ನು ಬಹಳ ದಿನ ಕಾಡಿತು, ಯಾಕೆಂದರೆ ಅದು ಸುಳ್ಳಲ್ಲ. ಸೀಬೆಯ ಕಾಂಡ ಬಗ್ಗುವುದಿಲ್ಲ. ಹುಡುಗರು ಕ್ಯಾಟರ್‌ಬಿಲ್ಲಿಗೆ ಸೀಬೆ ಕವೆಯನ್ನೇ ಹುಡುಕುವುದು ಅದಕ್ಕೇ. ಅಷ್ಟು ಗಟ್ಟಿ ಅದರ ಕಟ್ಟಿಗೆ. ಆದರೆ ನಾಲ್ಕು ವರ್ಷದ ಗಿಡದಲ್ಲಿ ನಾಲ್ಕು ವರ್ಷದ ಕೊಂಬೆಯೂ ಇರುತ್ತದೆ, ಹೋದ ಮಳೆಗಾಲದ ರೆಂಬೆಯೂ ಇರುತ್ತದೆ, ಮೊನ್ನೆಯ ಚಿಗುರೂ ಇರುತ್ತದೆ. ಗಿಡದ ವಯಸ್ಸು ಕೇಳಬಾರದು, ರೆಂಬೆಯ ವಯಸ್ಸು ಕೇಳಬೇಕು. ಇದನ್ನು ತಿಳಿಯಲು ನನಗೆ ಬೆರಳೇ ಸಾಕಾಯಿತು. ಸೀಬೆಯ ಎಳೆ ಕಡ್ಡಿ ದುಂಡಗಿರುವುದಿಲ್ಲ, ನಾಲ್ಕು ಮೂಲೆಯದಾಗಿರುತ್ತದೆ. ಹಸಿರು ಬಣ್ಣ, ಬೆರಳಲ್ಲಿ ಹೊರಳಿಸಿದರೆ ಅಂಚು ಅಂಚು ಸಿಗುತ್ತದೆ. ಬಲಿಯುತ್ತ ಬಂದ ಹಾಗೆ ಮೂಲೆ ಕರಗಿ ದುಂಡಗಾಗುತ್ತದೆ, ಸಿಪ್ಪೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಬಲಿತರೆ ಸಿಪ್ಪೆ ಹಾಳೆ ಹಾಳೆಯಾಗಿ ಏಳುತ್ತದೆ. ಹಾಳೆ ಏಳುವ ಭಾಗ ಬಗ್ಗದು. ಮೂಲೆ ಇರುವ ಭಾಗ ಬಗ್ಗಿಸಿದರೆ ಚಟ್ಟನೆ ಮುರಿಯುತ್ತದೆ. ಮೂಲೆ ಕರಗಿ ದುಂಡಗಾದ, ಹಾಳೆ ಇನ್ನೂ ಏಳದ ಆ ನಡುವಿನ ಒಂದೆರಡು ಅಡಿ ಇದೆಯಲ್ಲ, ಕೈಗೆ ಒಪ್ಪಿಕೊಳ್ಳುವುದು ಅದು. ದಪ್ಪ ಹೆಬ್ಬೆರಳನ್ನು ಮೀರಬಾರದು.

ಏಪ್ರಿಲ್ ಕೊನೆಗೆ ಆ ಇಪ್ಪತ್ತು ಗಿಡಕ್ಕೆ ಡ್ರಿಪ್ ನಿಲ್ಲಿಸಿದೆ. ನಮ್ಮದು ಕೆಂಪು ಮಸಾರಿ ಭೂಮಿ, ಹನ್ನೆರಡು ದಿನಕ್ಕೇ ಎಲೆ ಬಾಡಿ ಮುದುರಿದವು. ಎರೆ ಭೂಮಿಯಾಗಿದ್ದರೆ ಇನ್ನೂ ಬಹಳ ದಿನ ಕಾಯಬೇಕಾಗುತ್ತಿತ್ತು. ಆಮೇಲಿನ ಕೆಲಸ ಮನಸ್ಸಿಗೆ ಕಷ್ಟದ್ದು. ಆಗಲೇ ಬಿಟ್ಟಿದ್ದ ಹೂವು, ಹೀಚು ಎಲ್ಲ ಕಿತ್ತು ಹಾಕಬೇಕು. ಅತ್ತೆ ಬಂದು ನೋಡಿದವರು ನೆಲದ ಮೇಲೆ ಬಿದ್ದ ಹೀಚನ್ನು ಸೆರಗಿಗೆ ತುಂಬಿಕೊಂಡು ಮಾತಾಡದೆ ಹೋದರು. ಆ ಸಂಜೆ ನನಗೆ ಊಟ ಸೇರಲಿಲ್ಲ. ಹೂ ಕಿತ್ತ ಮೇಲೆ ಬಾಗಿಸಬೇಕಾದ ರೆಂಬೆಯಲ್ಲಿ ತುದಿಯ ಹತ್ತು–ಹನ್ನೆರಡು ಜೊತೆ ಎಲೆ ಬಿಟ್ಟು, ಕೆಳಗಿನ ಎಲೆ, ಸಣ್ಣ ಪುಟ್ಟ ಕಡ್ಡಿ ಎಲ್ಲ ತೆಗೆಯಬೇಕು. ತುದಿಯಲ್ಲಿ ಕುಚ್ಚು ಕಟ್ಟಿದ ಬರಿ ಕೋಲಿನ ಹಾಗೆ ಕಾಣುತ್ತದೆ.

ಮೊದಲ ಕೊಂಬೆ ಮುರಿಯಿತು. ಎರಡನೆಯದೂ ಮುರಿಯಿತು. ಬೆಳಗಿನ ಏಳು ಗಂಟೆ ಅದು. ಹಿಂದಿನ ರಾತ್ರಿ ಒಂದು ಹದ ಮಳೆ ಬಂದಿತ್ತು. ಆ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿದಿತ್ತು. ಗಿಡ ನೀರು ಕುಡಿದು ಬಿಗಿದುಕೊಂಡಿತ್ತು. ಎಳೆ ಸೌತೆಕಾಯಿ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ, ಎರಡು ದಿನ ಇಟ್ಟು ಬಾಡಿದ್ದು ಬಳ್ಳಿಯ ಹಾಗೆ ಬಾಗುತ್ತದೆ, ಅದೇ ಲೆಕ್ಕ. ಮೂರು ದಿನ ಬಿಟ್ಟು ಮಧ್ಯಾಹ್ನ ಮೂರರ ಬಿಸಿಲಿಗೆ ಹೋದೆ. ಅದೇ ದಪ್ಪದ ರೆಂಬೆ ಬಾಗಿತು. ಅವತ್ತಿನಿಂದ ಬೆಳಗ್ಗೆ ನಾನು ಕೊಂಬೆ ಮುಟ್ಟಿಲ್ಲ. ಮಳೆ ಬಂದರೆ ಎರಡು ದಿನ ಕಾಯುತ್ತೇನೆ.

ಬಾಗಿಸುವ ಕೈವರಸೆ ಬರೆದು ತಿಳಿಸುವುದು ಕಷ್ಟ, ಆದರೂ ಹೇಳುತ್ತೇನೆ. ಎಡಗೈ ರೆಂಬೆ ಹುಟ್ಟುವ ಕವೆಯ ಮೇಲಿರಬೇಕು. ಮುರಿಯುವುದು, ಸೀಳುವುದು ಅಲ್ಲೇ. ಅಲ್ಲಿ ಕೈ ಇದ್ದರೆ ಸೀಳು ಬಿಡುವ ಮೊದಲೇ ಅಂಗೈಗೆ ಗೊತ್ತಾಗುತ್ತದೆ. ಬಲಗೈಯಲ್ಲಿ ರೆಂಬೆಯ ನಡುಭಾಗ ಹಿಡಿದು ಕೆಳಕ್ಕೆ ಒಂದು ಗೇಣು ಇಳಿಸಿ, ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಅರ್ಧ ಗೇಣು. ಒಳಗೆ ನಾರು ಸಡಿಲಾಗುವ ಸಣ್ಣ ಕಿರುಗುಟ್ಟುವಿಕೆ ಬರುತ್ತದೆ. ಅದು ಬಂದ ಕೂಡಲೇ ನಿಲ್ಲಿಸಬೇಕು, ಆ ದಿನಕ್ಕೆ ಅಷ್ಟೇ. ಅಲ್ಲಿಗೆ ಒಂದು ಕಟ್ಟು ಹಾಕಿ ಬಿಟ್ಟರೆ ನಾಲ್ಕೈದು ದಿನದಲ್ಲಿ ರೆಂಬೆ ಆ ಭಂಗಿಗೆ ಒಗ್ಗಿಕೊಂಡು ಹಗ್ಗ ಸಡಿಲವಾಗಿರುತ್ತದೆ. ಆಗ ಮತ್ತೊಂದು ಗೇಣು. ನೆಟ್ಟಗಿದ್ದ ರೆಂಬೆ ಪೂರ್ತಿ ಮಲಗಲು ಮೂರು ಸಲ ಬೇಕಾಗುತ್ತದೆ. ಒಂದೇ ದಿನಕ್ಕೆ ಮಲಗಿಸಿದ ರೆಂಬೆಗಳು ನನ್ನ ತೋಟದಲ್ಲಿ ಮುರಿಯದೆ ಉಳಿದಿದ್ದೂ ಉಂಟು, ಆದರೆ ಅವುಗಳಲ್ಲಿ ಚಿಗುರು ಸೊರಗಿತ್ತು.

ಹಗ್ಗದ ವಿಷಯ. ಗೂಟಕ್ಕೆ ಬಳ್ಳಾರಿ ಜಾಲಿ ಕಡ್ಡಿ, ಒಂದು ಮೊಳ ಉದ್ದ, ಓರೆಯಾಗಿ ಹೊಡೆದದ್ದು. ಕಟ್ಟಲು ತೆಂಗಿನ ನಾರಿನ ಹುರಿ. ರೆಂಬೆಗೆ ತಾಕುವ ಕಡೆ ಗೋಣಿಚೀಲದ ತುಂಡು. ಕುಣಿಕೆ ಬಿಗಿಯುವ ಗಂಟಾಗಿರಬಾರದು. ರೆಂಬೆ ಮತ್ತು ಹುರಿಯ ನಡುವೆ ಎರಡು ಬೆರಳು ಸಲೀಸಾಗಿ ಆಡಬೇಕು. ಎಳೆಗರುವಿನ ಕೊರಳಿಗೆ ಕಣ್ಣಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೊದಲು ನಾನು ತುದಿಗೆ ಕಟ್ಟಿ ಎಳೆದಿದ್ದೆ. ಅದು ಬಿಲ್ಲಿನ ಹಾಗೆ ಬಾಗಿ, ಬೆನ್ನಿನ ಮೇಲೆ, ಅತಿ ಎತ್ತರದ ಜಾಗದಲ್ಲಿ ಒಂದೇ ಒಂದು ಚಿಗುರು ನೆಟ್ಟಗೆ ಕೋಲಿನಂತೆ ಎದ್ದಿತು. ಹೂವೂ ಇಲ್ಲ, ಕಾಯಿಯೂ ಇಲ್ಲ, ರಸವೆಲ್ಲ ಅದೊಂದಕ್ಕೇ. ಆಮೇಲೆ ಎರಡು ಕಡೆ ಕಟ್ಟತೊಡಗಿದೆ: ಬುಡದಿಂದ ಒಂದೂವರೆ ಅಡಿಗೆ ಒಂದು, ತುದಿಯ ಕಡೆ ಒಂದು. ರೆಂಬೆ ಬಿಲ್ಲಾಗದೆ ಚಾಪೆಯ ಹಾಗೆ ಮಲಗುತ್ತದೆ. ತುದಿಯ ಕುಚ್ಚು ಮಾತ್ರ ಸ್ವಲ್ಪ ಮೇಲೆ ನೋಡುತ್ತಿರಬೇಕು, ನೆಲ ಮುಟ್ಟಬಾರದು.

ಹೀಗೇಕೆ ಹೂವು ಬರುತ್ತದೆ ಎಂದು ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿದುಕೊಂಡೆ. ನೆಟ್ಟಗಿರುವ ರೆಂಬೆಯ ತುದಿ ಮೊಗ್ಗಿನಲ್ಲಿ ಆಕ್ಸಿನ್ ಅನ್ನುವ ರಸ ಹುಟ್ಟಿ ಕೆಳಕ್ಕೆ ಹರಿಯುತ್ತಿರುತ್ತದೆ. ಅದು ಹರಿಯುತ್ತಿರುವ ತನಕ ಕೆಳಗಿನ ಎಲೆಗಂಕುಳ ಮೊಗ್ಗುಗಳು ಏಳುವುದಿಲ್ಲ, ಮಲಗಿರುತ್ತವೆ. ರೆಂಬೆಯನ್ನು ಅಡ್ಡ ಮಲಗಿಸಿದರೆ ಆ ಹರಿವು ತಗ್ಗುತ್ತದೆ. ತುದಿಯ ದರ್ಬಾರು ಮುಗಿದು ಸಾಲಿಗೆ ಸಾಲು ಮೊಗ್ಗು ಒಟ್ಟಿಗೆ ಒಡೆಯುತ್ತವೆ. ಎಲೆ ಮಾಡಿಟ್ಟ ಪಿಷ್ಟವೂ ಬೇರಿಗೆ ಇಳಿಯದೆ ರೆಂಬೆಯಲ್ಲೇ ನಿಲ್ಲುತ್ತದೆ. ಸೀಬೆಯಲ್ಲಿ ಹೂ ಬರುವುದು ಹಳೆಯ ಕೊಂಬೆಯಲ್ಲಲ್ಲ, ಹೊಸ ಚಿಗುರಿನ ಎಲೆಗಂಕುಳಲ್ಲಿ. ಹೊಸ ಚಿಗುರು ಹೆಚ್ಚಿದಷ್ಟೂ ಹೂವು ಹೆಚ್ಚು. ಇದನ್ನು ಕೇಳಿ ಬಂದ ಮೇಲೆ ಕೈಗೆ ಧೈರ್ಯ ಬಂತು.

ಹದಿನೆಂಟನೆಯ ದಿನ ಕಂಡಿತು. ಬರಿ ಕೋಲಿನಂತಿದ್ದ ರೆಂಬೆಯ ಮೇಲೆ, ಎಲೆ ಕಿತ್ತ ಗಾಯದ ಪಕ್ಕದಲ್ಲೇ, ಜೊತೆ ಜೊತೆಯಾಗಿ ಸಾಸಿವೆ ಕಾಳಿನಷ್ಟು ಹಸಿರು. ಸೀಬೆಯ ಎಲೆ ಎದುರುಬದುರು ಹುಟ್ಟುವುದರಿಂದ ಚಿಗುರೂ ಎದುರುಬದುರು. ಒಂದು ರೆಂಬೆಯಲ್ಲಿ ಎಣಿಸಿದೆ, ಇಪ್ಪತ್ತೆರಡು. ಅತ್ತೆಯನ್ನು ಕರೆದುಕೊಂಡು ಬಂದೆ. ಅವರು ಕೂತು ಬೆರಳಿಟ್ಟು ಎಣಿಸಿ, "ಇವೆಲ್ಲ ನಿಲ್ತಾವಾ?" ಅಂದರು. ಅಂದೇ ನೀರು ಬಿಟ್ಟೆವು, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣು ಮುಚ್ಚಿದೆವು. ಜುಲೈ ಮೊದಲ ವಾರಕ್ಕೆ ಎರಡನೆಯ, ಮೂರನೆಯ ಜೊತೆ ಎಲೆಗಳ ಕಂಕುಳಲ್ಲಿ ಮೊಗ್ಗು. ಸೀಬೆ ಹೂ ಅರಳುವುದು ನಸುಕಿನಲ್ಲಿ. ಬಿಳಿ ಕೇಸರಗಳ ಕುಚ್ಚು, ಜೇನುಹುಳ ಹೊತ್ತು ಮೂಡುವ ಮೊದಲೇ ಬಂದಿರುತ್ತವೆ. ಮಾರಿಕಣಿವೆ ಕೋಡಿ ಬಿದ್ದ ದಿನ ಆ ಇಪ್ಪತ್ತು ಗಿಡದಲ್ಲಿ ಗಜನಿಂಬೆಗಿಂತ ಚಿಕ್ಕ ಹಸಿರು ಕಾಯಿ ತುಂಬಿದ್ದವು. ಡಿಸೆಂಬರಿನಲ್ಲಿ ಕಿತ್ತೆವು. ಹುಳವಿದ್ದ ಹಣ್ಣು ಹುಡುಕಬೇಕಾಯಿತು.

ಅದರಿಂದ ನನಗೆ ಆತುರ ಬಂತು. 2023ರ ಮೇನಲ್ಲಿ ನೂರೈವತ್ತು ಗಿಡಕ್ಕೆ ಕೈ ಹಾಕಿದೆ. ಇಬ್ಬರು ಸೇರಿ ಎಚ್ಚರದಿಂದ ಮಾಡಿದರೆ ದಿನಕ್ಕೆ ಆರೇಳು ಗಿಡ ಆಗುತ್ತದೆ, ಒಂದೊಂದಕ್ಕೂ ಹತ್ತು ರೆಂಬೆ, ಎರಡೆರಡು ಕಟ್ಟು. ಲೆಕ್ಕ ಹಾಕಿ ಹೆದರಿ, ಆಳು ಹಚ್ಚಿ ಒಂದು ವಾರಕ್ಕೆ ಮುಗಿಸಿದೆ. ನಾರಿನ ಹುರಿ ಸಾಲದೆ ಪ್ಯಾಕಿಂಗಿನ ಪ್ಲಾಸ್ಟಿಕ್ ದಾರ ತರಿಸಿದೆ. ಕೂಲಿಯವರ ತಪ್ಪಲ್ಲ ಅದು, ಎರಡು ಬೆರಳಿನ ಕುಣಿಕೆ ಹೇಗಿರಬೇಕು ಎಂದು ಒಬ್ಬೊಬ್ಬರ ಪಕ್ಕ ನಿಂತು ತೋರಿಸಬೇಕಿತ್ತು, ತೋರಿಸಲಿಲ್ಲ.

ಆ ವರ್ಷ ಬರ. ಮುಂಗಾರು ಕೈಕೊಟ್ಟಿತು. ಎಲೆ ಕಿತ್ತು ಮಲಗಿಸಿದ ರೆಂಬೆಯ ಬೆನ್ನಿಗೆ ನೇರ ಬಿಸಿಲು ಬಡಿಯಿತು. ನೆಟ್ಟಗಿರುವಾಗ ರೆಂಬೆಗೆ ಬಿಸಿಲು ಪಕ್ಕದಿಂದ ತಾಕುತ್ತದೆ, ಮಲಗಿದಾಗ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಮೇಲಿನ ಸಿಪ್ಪೆ ಸುಟ್ಟು, ಬಿರಿದು, ಕಪ್ಪು ಪಟ್ಟೆ ಬಿದ್ದವು. ಆ ಪಟ್ಟೆಯುದ್ದಕ್ಕೂ ಮೊಗ್ಗು ಸತ್ತವು. ಆಮೇಲೆ ಆಷಾಢದ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ನಮ್ಮ ಸೀಮೆಯ ಆಷಾಢದ ಗಾಳಿ ರಾತ್ರಿ ಹಗಲು ಒಂದೇ ದಿಕ್ಕಿನಿಂದ ಬೀಸುತ್ತದೆ. ಕಟ್ಟಿದ ರೆಂಬೆ ಅದಕ್ಕೆ ತೂಗುತ್ತ, ಪ್ಲಾಸ್ಟಿಕ್ ದಾರ ಗರಗಸದಂತೆ ಸಿಪ್ಪೆಯನ್ನು ಕೊಯ್ದಿತು. ನಾನು ಜುಲೈ ನಡುವೆ ಹೋಗಿ ನೋಡುವ ಹೊತ್ತಿಗೆ ದಾರ ಸಿಪ್ಪೆಯೊಳಗೆ ಹೂತು, ಅದರ ಮೇಲ್ಭಾಗ ಊದಿಕೊಂಡು ಗಂಟಾಗಿತ್ತು. ಬಾಗಿಸಿದ್ದರಿಂದ ಸತ್ತದ್ದಲ್ಲ ಅವು, ಕಟ್ಟಿದ್ದರಿಂದ ಸತ್ತವು. ಬ್ಲೇಡಿನಿಂದ ದಾರ ಬಿಡಿಸುತ್ತ ಬಿಡಿಸುತ್ತ ನೂರರ ಮೇಲೆ ರೆಂಬೆ ಎಣಿಸಿ, ಆಮೇಲೆ ಎಣಿಸುವುದನ್ನು ಬಿಟ್ಟೆ. ಅಳು ಬಂತು. ಬಾಯಿಲ್ಲದ ಜೀವಕ್ಕೆ ಉರುಳು ಹಾಕಿ ಎರಡು ತಿಂಗಳು ತಿರುಗಿ ನೋಡಿರಲಿಲ್ಲ ನಾನು.

ಕವೆಯಲ್ಲಿ ಸೀಳಿದ್ದ ಕೆಲವನ್ನು ಉಳಿಸಿಕೊಂಡೆವು. ಇದು ಮಾವನವರ ಕೈಗುಣ. ಸೀಳಿ ಇನ್ನೂ ಒಂದು ಕಡೆಯ ಸಿಪ್ಪೆ ಹಿಡಿದುಕೊಂಡಿದ್ದರೆ, ಒಣಗುವ ಮೊದಲೇ ಎರಡೂ ಭಾಗ ಸರಿಯಾಗಿ ಕೂಡಿಸಿ, ಹಳೆ ಸೀರೆಯ ಪಟ್ಟಿಯಿಂದ ಒತ್ತಿ ಸುತ್ತಿ, ಕೆಳಗೊಂದು ಕವೆಗೋಲು ಆನಿಸುತ್ತಿದ್ದರು. ಗಾಯದ ಹೊರಗೆ ಬೋರ್ಡೋ ಮುಲಾಮು: ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಬೇರೆ ಬೇರೆ ಕರಗಿಸಿ ಒಟ್ಟು ಒಂದು ಲೀಟರ್ ನೀರಿಗೆ. ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು, ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಮುರಿದ ಕಾಲಿಗೆ ಪಟ್ಟು ಹಾಕಿದ ಹಾಗೆ ಮೂರು ತಿಂಗಳು ಬಿಟ್ಟೆವು. ಹದಿನಾಲ್ಕರಲ್ಲಿ ಒಂಬತ್ತು ಕೂಡಿಕೊಂಡವು. ಈಗಲೂ ಆ ಜಾಗದಲ್ಲಿ ಮೊಣಕಾಲಿನ ಹಾಗೆ ಗಂಟು ಇದೆ, ತೋಟದಲ್ಲಿ ಅಷ್ಟು ಗಟ್ಟಿ ಜಾಗ ಇನ್ನೊಂದಿಲ್ಲ.

ಆ ಚಳಿಗಾಲ ಫಸಲು ಕಡಿಮೆ. ಮಾವನವರು ಒಂದು ಮಾತು ಆಡಲಿಲ್ಲ, ಸಂಜೆ ಕಟ್ಟೆಯ ಮೇಲೆ ಕೂತು ತೆಂಗಿನ ನಾರು ಹೊಸೆಯತೊಡಗಿದರು. ಮರುಬೇಸಿಗೆಗೆ ಎರಡು ಮೂಟೆ ಹುರಿ ಸಿದ್ಧವಾಗಿತ್ತು.

2024ರಲ್ಲಿ ಮುನ್ನೂರೂ ಗಿಡ ಮಾಡಿದೆವು, ಆದರೆ ಒಟ್ಟಿಗಲ್ಲ. ಮೇ ಮೊದಲ ವಾರದಿಂದ ಜೂನ್ ಕೊನೆಯವರೆಗೆ ಸಾಲು ಸಾಲಾಗಿ, ಮೂರು ಜನ ಮಾತ್ರ: ನಾನು, ನಮ್ಮ ಯಜಮಾನರು, ಪಕ್ಕದ ಹೊಲದ ಅಕ್ಕ. ಅಕ್ಕ ಮಲ್ಲಿಗೆ ಕಟ್ಟುವವರು; ಅವರ ಕುಣಿಕೆ ನೋಡಿ ನಾನು ನನ್ನದನ್ನು ತಿದ್ದಿಕೊಂಡೆ. ಮಲಗಿಸಿದ ಪ್ರತಿ ರೆಂಬೆಯ ಬೆನ್ನಿಗೆ ತೆಳ್ಳಗೆ ಸುಣ್ಣ ಬಳಿದೆವು, ಮೊಗ್ಗಿನ ಜಾಗ ಬಿಟ್ಟು. ಸುಡುವುದು ನಿಂತಿತು. ಪ್ರತಿ ಭಾನುವಾರ ಒಂದು ಸುತ್ತು ಹೋಗಿ ಎರಡು ಬೆರಳು ಹಾಕಿ ನೋಡುವುದು, ಬಿಗಿ ಕಂಡಲ್ಲಿ ಸಡಿಲಿಸುವುದು. ಮಗಳಿಗೆ ಏಳು ವರ್ಷ. ಅವಳ ಬೆರಳು ಸಣ್ಣದಾದ್ದರಿಂದ ಅವಳು ಮೂರು ಬೆರಳು ಹಾಕಬೇಕು ಎಂದು ಅವಳೇ ಲೆಕ್ಕ ಕಟ್ಟಿಕೊಂಡಿದ್ದಳು. ಮೊದಲು ಕಟ್ಟಿದ ಸಾಲುಗಳನ್ನು ಆಷಾಢದ ಗಾಳಿ ಜೋರಾಗುವ ಮೊದಲೇ ಬಿಚ್ಚಿದೆವು. ನಲವತ್ತೈದು–ಐವತ್ತು ದಿನ ಮಲಗಿದ ರೆಂಬೆ ಬಿಚ್ಚಿದ ಮೇಲೆ ಎದ್ದು ನಿಲ್ಲುವುದಿಲ್ಲ, ಒಂದು ಗೇಣು ಮೇಲೆ ಬಂದು ಅಲ್ಲೇ ಉಳಿಯುತ್ತದೆ. ಕಾಯಿ ಬಿದ್ದ ಮೇಲೆ ಭಾರಕ್ಕೆ ತಾನೇ ಮತ್ತೆ ಬಾಗುತ್ತದೆ. ಕೊನೆಯ ಸಾಲುಗಳನ್ನು ಮಾತ್ರ ಗಾಳಿಯಲ್ಲೇ ಕಾಯಬೇಕಾಯಿತು. ಅವುಗಳಿಗೆ ಗೋಣಿ ಎರಡು ಸುತ್ತು ಹಾಕಿದೆವು.

ಸಾಲು ಸಾಲಾಗಿ ಮಾಡಿದ್ದರ ಲಾಭ ಕೊಯ್ಲಿಗೆ ಬಂದಾಗ ಕಂಡಿತು. ನವೆಂಬರ್ ನಡುವಿನಿಂದ ಶುರುವಾಗಿ, ಒಂದು ಸಾಲು ಮುಗಿಯುವಾಗ ಇನ್ನೊಂದು ತಿರುಗುತ್ತ ಬಂತು. ಗಿಡ ಅಗಲವಾಗಿ ಹರಡಿದ್ದರಿಂದ ಏಣಿ ಬೇಕಾಗಲಿಲ್ಲ. ಅತ್ತೆ ನಿಂತಲ್ಲೇ ಕೀಳುತ್ತಿದ್ದರು. ಮಾವನವರು ಒಂದು ರೆಂಬೆಯ ಕೆಳಗೆ ಕೂತು, ಕೈಯಲ್ಲಿ ಅದನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಿ, "ಇದು ಎಷ್ಟು ವರ್ಷದ್ದವ್ವ?" ಅಂತ ಕೇಳಿದರು. "ಹೋದ ಮಳೆಗಾಲದ್ದು ಮಾವ" ಅಂದೆ. "ಗಿಡ ಅಲ್ಲ, ರೆಂಬೆ ಕೇಳಿದ್ದು" ಅಂದರು. "ರೆಂಬೆನೇ ಮಾವ."

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು, ಮೂರನೆಯ ಸಲ. ಮತ್ತೆ ಅದೇ ಜಾತ್ರೆ, ಅದೇ ಟ್ರ್ಯಾಕ್ಟರು, ಆಟೋ. ನಮ್ಮ ಕೊನೆಯ ಎರಡು ಸಾಲು ಆಗ ತಾನೇ ತಿರುಗಿದ್ದವು. ರಸ್ತೆ ಬದಿಯ ಬೇವಿನ ಮರದ ಕೆಳಗೆ ತಾಡಪಾಲು ಹಾಸಿ ನಾಲ್ಕು ಕ್ರೇಟು ಇಳಿಸಿದೆವು. ಮಗಳು ಚಾಕು ಹಿಡಿದು ಕೂತು, ಬಂದವರ ಎದುರಿಗೇ ಒಂದೊಂದು ಹಣ್ಣು ಹೋಳು ಮಾಡಿ ಉಪ್ಪು ಕಾರ ಸವರಿ ಕೊಡುತ್ತಿದ್ದಳು. ಹನ್ನೊಂದು ಗಂಟೆಗೆ ಕ್ರೇಟು ಖಾಲಿ. ಯಜಮಾನರು ಬೈಕಿನಲ್ಲಿ ಇನ್ನೆರಡು ಕ್ರೇಟು ತರಲು ತೋಟಕ್ಕೆ ಹೋದರು. ಅತ್ತೆ ಸೆರಗಿನಲ್ಲಿ ನಾಲ್ಕು ಹಣ್ಣು ಕಟ್ಟಿಕೊಂಡು, ಕೋಡಿ ನೋಡಿಕೊಂಡು ಬರುತ್ತೇನೆ ಎಂದು ಒಂದು ಆಟೋ ಹತ್ತಿದರು.